ಸೋಮವಾರದ ಉಪವಾಸ

ಕಸ್ತೂರೆವ್ವ ಡಾಕ್ಟರರ ಬೆರಳು ಕಚ್ಚಿದ ಸುದ್ದಿ ಅವಳ ಊರು ಲಚ್ಯಾಣಕ್ಕೆ ಅವಳಿಗಿಂತ ಮೊದಲೇ ಮುಟ್ಟಿತ್ತು. ಸೂಜಿ ಕಂಡೊಡನೆ ಕಚ್ಚಿ, ಕುರ್ಚಿಯಿಂದ ಜಿಗಿದು, ಚಪ್ಪಲಿ ಬಿಟ್ಟು ಓಡಿದ್ದಳು. ಕೊಳೆತ ದವಡೆಹಲ್ಲು ಅವಳ ಜೊತೆಗೇ ಓಡಿ ಬಂದಿತ್ತು. ಕೆನ್ನೆ ಬಾತು ಕಣ್ಣು ಮುಚ್ಚುವಂತಾದಾಗ ಮಗ ಸೋಮನಿಂಗ ಒಬ್ಬನೇ ಇಂಡಿಗೆ ಬಂದು ಡಾಕ್ಟರ್ ಅಬ್ದುಲಗನಿಯವರ ಮುಂದೆ ನಿಂತ.

ಅವರು ಸೊಲ್ಲಾಪುರದಲ್ಲಿ ಕಲಿತು ಬಂದು ಇಲ್ಲಿ ದವಾಖಾನೆ ತೆರೆದು ಹೆಚ್ಚು ದಿನವಾಗಿರಲಿಲ್ಲ. ಗೋಡೆಯ ಮೇಲಿನ ಅರವತ್ತೆರಡರ ಚುನಾವಣೆಯ ಪೋಸ್ಟರುಗಳನ್ನೂ ಇನ್ನೂ ಕೆರೆದು ತೆಗೆದಿರಲಿಲ್ಲ. ಜನ ಅವರನ್ನು ದೂರದಿಂದಲೇ ತೂಗಿ ನೋಡುತ್ತಿದ್ದರು.

"ಸೂಜಿ ಬ್ಯಾಡಂದ್ರ ಕುಡಿಯೂ ಔಷಧ ಐತಿ," ಎಂದರು ಡಾಕ್ಟರು. "ಅಂಜಿಕಿ ಸ್ವಲ್ಪ ಇಳೀತೈತಿ. ಆದ್ರ ಎಚ್ಚರ ಇರ್ತಾರ."

"ಎಚ್ಚರಿದ್ರ ಮತ್ತ ಕಚ್ಚತಾಳ್ರಿ."

"ಹಂಗಾರ ಪೂರ್ತಿ ನಿದ್ದಿಗೆ ಹಾಕೂದು. ಮೂಗಿನ ಮ್ಯಾಲೆ ಅರಿಬಿ ಹಿಡದು ಈಥರ್ ಹನಸತೇನಿ. ಈ ಊರಾಗ ಹಲ್ಲಿಗಂತ ಇನ್ನೂ ಯಾರಿಗೂ ಮಾಡಿಲ್ಲ. ನೋಡಪಾ, ಹೊಟ್ಟ್ಯಾಗ ಏನರ ಇದ್ರ..."

ಸೋಮನಿಂಗನಿಗೆ ಮುಂಜಾನೆಯಿಂದ ಸಿಟ್ಟು ಕುದಿಯುತ್ತಿತ್ತು. ಅವನು ಮೊದಲು ಬಂದಿದ್ದ. ಆಮೇಲೆ ಬಂದ ಸಾವಕಾರನನ್ನು ಕಂಪೌಂಡರ್ ಮೊದಲು ಒಳಗೆ ಬಿಟ್ಟಿದ್ದ.

"ಹೊಟ್ಟಿ ಬರಿದಿರಬೇಕು, ಉಪವಾಸ ಇರಬೇಕು, ಅಷ್ಟ ಹೌದಲ್ರಿ? ಸಾಲಿ ಬಿಟ್ಟಾವ ಅಂದ್ರ ಒಂದ ಮಾತೂ ತಿಳಿಯೂದಿಲ್ಲೇನು? ಎರಡೆರಡ ಸಲ ಹೇಳಬ್ಯಾಡ್ರಿ."

ರಂಜಾನ್ ತಿಂಗಳು. ಡಾಕ್ಟರರ ತುಟಿ ಒಣಗಿತ್ತು. ಬೆಳಗಿನಿಂದ ಉಗುಳು ನುಂಗುವುದಕ್ಕೂ ಯೋಚಿಸುತ್ತಿದ್ದರು. "ಹೂಂ, ಉಪವಾಸ," ಎಂದರು. "ಸೋಮವಾರ ಕರಕೊಂಡ ಬಾ."

ಸೋಮವಾರ ಕಸ್ತೂರೆವ್ವನದು ಹೇಗೂ ಉಪವಾಸವೇ. ರೊಟ್ಟಿ ಮುಟ್ಟಲಿಲ್ಲ. ಶೇಂಗಾಪುಡಿ ಹಾಕಿ ಸಬ್ಬಕ್ಕಿಯ ಸಾಬೂದಾಣಿ ಮಾಡಿಕೊಂಡು ತಿಂದಳು, ಮೇಲೆ ಹಾಲು ಕುಡಿದಳು. ಚಕ್ಕಡಿ ಇಂಡಿ ಹತ್ತಿರ ಬಂದಾಗ ಅವಳು ಕಣ್ಣು ಮುಚ್ಚಿ ಒರಗಿದ್ದನ್ನು ಕಂಡು ಸೋಮನಿಂಗ ತಾನೇ ಬಾಳೆಹಣ್ಣು ಸುಲಿದು ಕೊಟ್ಟ. "ತಿನ್ನಬೇ. ಉಪವಾಸ ಅದಿ, ತಲಿ ತಿರಗತೈತಿ."

ದವಾಖಾನೆಯ ಬೆಂಚಿನ ಮೇಲೆ ಮೂರ್ನಾಲ್ಕು ಜನ ಬಾತ ಕೆನ್ನೆ ಹಿಡಿದು ಕೂತಿದ್ದರು. ಝಳಕಿಯ ರೇವವ್ವ ಗದ್ದಕ್ಕೆ ಬಟ್ಟೆ ಕಟ್ಟಿಕೊಂಡಿದ್ದಳು. "ನೀ ಮಲಗಿ ಎದ್ದ ಬಾ, ಯಕ್ಕಾ," ಎಂದಳು ಆಕೆ. "ನೀ ಎದ್ರ ನಾನೂ ಮಲಗತೇನಿ."

ಒಳಗೆ ಡಾಕ್ಟರು ಕೇಳಿದರು, "ಏನರ ತಿಂದೀರೇನ್ರವಾ?"

"ಉಪವಾಸ ಅದೀನ್ರಿ."

"ನಾನೂ ಉಪವಾಸ."

"ಮೊನ್ನಿ ಕಚ್ಚಿದ್ದಕ್ಕ ಸಿಟ್ಟಿಲ್ಲಲ್ರಿ?"

"ಇವತ್ತ ಕಚ್ಚಬ್ಯಾಡ್ರಿ. ನಿಮ್ಮ ಉಪವಾಸ ಕೆಡತೈತಿ."

ಅವಳು ನಕ್ಕಳು. ನಗುತ್ತಲೇ ಈಥರಿನ ವಾಸನೆ ಎಳೆದುಕೊಂಡಳು. ಕೈ ಸಡಿಲವಾಯಿತು.

ಡಾಕ್ಟರು ಇಕ್ಕಳ ಎತ್ತಿಕೊಳ್ಳುವಷ್ಟರಲ್ಲಿ ಅವಳ ಗಂಟಲಲ್ಲಿ ಗೊಳಗೊಳ ಸದ್ದಾಯಿತು. ಹೊಟ್ಟೆ ಎದ್ದು ಬಿದ್ದಿತು. ಬಾಯಿ ತುಂಬಿ ಬಂದದ್ದು ಹೊರಗೆ ಬರಲಾಗದೆ ನಿಂತಿತು. ತುಟಿ ನೀಲಿಯಾಯಿತು.

ಸೋಮನಿಂಗ ಡಾಕ್ಟರರ ಕೊರಳಪಟ್ಟಿ ಹಿಡಿದ. "ಕೊಂದ್ಯಲ್ಲೋ! ನಮ್ಮವ್ವನ್ನ ಕೊಂದಿ!" ಆ ಕೂಗು ಬೀದಿಯವರೆಗೆ ಹೋಯಿತು. ಅಂಗಿಯ ಗುಂಡಿ ಕಿತ್ತು ಬಂತು.

ಡಾಕ್ಟರು ಅವನತ್ತ ನೋಡಲೂ ಇಲ್ಲ. "ಕಾಲ ಎತ್ತಿ ಹಿಡಿ! ತಲಿ ಕೆಳಗಾಗ್ಲಿ!" ಎಂದು ಕಂಪೌಂಡರನಿಗೆ ಕೂಗಿ ಅವಳನ್ನು ಮಗ್ಗುಲಿಗೆ ಹೊರಳಿಸಿದರು. ಕಚ್ಚಿಸಿಕೊಂಡಿದ್ದ ಅದೇ ಬೆರಳನ್ನು ಗಂಟಲಿನವರೆಗೆ ಇಳಿಸಿ ಬಳಿದು ತೆಗೆದರು. ಅವಳು ಕೆಮ್ಮಿದಳು. ಉಸಿರು ಎಳೆದಳು.

ಸೋಮನಿಂಗ ಆಗ ನೆಲ ನೋಡಿದ. ಒಡೆಯದೆ ಹಾಗೇ ಉಳಿದ ಬಿಳಿಯ ಕಾಳುಗಳು. ನಡುವೆ ಬಾಳೆಹಣ್ಣಿನ ಚೂರು.

"ಏನಿದು?" ಎಂದರು ಡಾಕ್ಟರು.

"ಉಪವಾಸದ್ದು..." ಎಂದ ಸೋಮನಿಂಗ. ಮಾತು ಬಾಯಿಂದ ಬೀಳುತ್ತಲೇ ಅದರ ಅರ್ಥ ಅವನಿಗೂ ಹೊಳೆಯಿತು.

ಡಾಕ್ಟರು ಬಹಳ ಹೊತ್ತು ಕೈ ತೊಳೆದರು. "ನಮ್ಮ ಉಪವಾಸದಾಗ ಒಂದ ಹನಿ ನೀರೂ ಇಲ್ಲಪಾ," ಎಂದರು. "ನಾನಽ ಬಿಡಿಸಿ ಕೇಳಬೇಕಿತ್ತು."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಸೋಮನಿಂಗನ ಸಿಟ್ಟಿಗೆ ಮೊದಲ ಸಲ ಹೋಗಲು ಜಾಗವಿರಲಿಲ್ಲ.

ಕಸ್ತೂರೆವ್ವ ಕಣ್ಣು ತೆರೆದಳು. "ಹಲ್ಲ ಹೋತೇನೋ?"

"ಇಲ್ಲಬೇ."

"ವಾಂತಿ ಆತಲ್ಲೋ, ಉಪವಾಸ ಕೆಟ್ಟಿತು. ನಾ ಏನ ತಪ್ಪ ಮಾಡಿದ್ನೋ, ಶಿವನೇ..."

"ನೀ ಅಲ್ಲ," ಎಂದ. ಅವಳ ಸೆರಗಿನಿಂದಲೇ ಅವಳ ಬಾಯಿ ಒರೆಸಿದ.

ಹೊರಗೆ ಬಂದ. ಬೆಂಚು ಖಾಲಿಯಿತ್ತು. ಕಂಪೌಂಡರ್ ಬಾಗಿಲಿಗೆ ಒರಗಿ ಹೇಳಿದ, "ನಿನ್ನ ದನಿ ಕೇಳಿ ಎದ್ದ ಹೋದ್ರು. ಇನ್ ಬರೂದಿಲ್ಲ, ಬಿಡು."

ಸೋಮನಿಂಗ ಬಸ್ ಸ್ಟ್ಯಾಂಡಿಗೆ ಓಡಿದ. ಝಳಕಿ ಬಸ್ಸಿನ ಕಿಟಕಿಯಲ್ಲಿ ರೇವವ್ವ ಕೂತಿದ್ದಳು. ನಿದ್ದೆಗೆ ಹಾಕುವ ಡಾಕ್ಟರು ಒಬ್ಬಾಕೆಯನ್ನು ಕೊಂದ ಕಥೆ ಆಗಲೇ ಬಸ್ಸಿನ ತುಂಬ ಓಡಾಡುತ್ತಿತ್ತು. ಮೆಲ್ಲಗೆ ಹೇಳಬೇಕೆಂದು ಬಂದಿದ್ದ. ಗಂಟಲಿಗೆ ಗೊತ್ತಿದ್ದದ್ದು ಒಂದೇ ದನಿ.

"ನಮ್ಮವ್ವ ಸತ್ತಿಲ್ಲ! ತಪ್ಪ ಡಾಕ್ಟರದಲ್ಲ, ನಂದು! ನಾನಽ ಬಾಳಿಹಣ್ಣ ತಿನಿಸಿದ್ದೆ!"

ಬಸ್ಸಿನಲ್ಲಿ ಯಾರೋ ನಕ್ಕರು.

"ಕೊಂದಿ ಅಂತ ಒದರಿದಾವ ನೀನಽ ಅಲ್ಲೇನೋ?" ಎಂದಳು ರೇವವ್ವ.

"ನಾನಽ."

"ಆಗೂ ಹಿಂಗಽ ಒದರಿದಿ. ಯಾವದನ್ನ ನಂಬಲಿ?"

ಬಸ್ಸು ಹೊರಟಿತು. ಸೋಮನಿಂಗ ಕಿಟಕಿಯ ಸರಳು ಬಿಡದೆ ಜೊತೆಗೇ ಓಡಿದ. "ಯಕ್ಕಾ, ಡಾಕ್ಟರು ಬದುಕಿಸಿದ್ರು," ಎಂದ. ಈ ಸಲ ಮೆಲ್ಲಗೆ ಹೇಳಿದ. ಇಂಜಿನ್ನಿನ ಸದ್ದಿನಲ್ಲಿ ಅದು ಅವಳಿಗೆ ಕೇಳಿಸಲಿಲ್ಲ.