ರುದ್ರಮೂರ್ತಿಯ ಬಾಯಿ

ಲಕ್ವ ಹೊಡೆದ ಮೇಲೆ ಸಣ್ಣಮಾದಯ್ಯನವರ ಬಾಯಿಂದ ಒಂದು ಮಾತೂ ಹೊರಟಿರಲಿಲ್ಲ. ಆಸ್ಪತ್ರೆಯಿಂದ ನಜರ್‌ಬಾದಿನ ಮನೆಗೆ ಕರೆತಂದು ತಿಂಗಳ ಮೇಲಾಗಿತ್ತು. ಒಂದು ಬೆಳಿಗ್ಗೆ ಬಸವಮ್ಮ ಗಂಡನಿಗೆ ಗಂಜಿ ಕುಡಿಸುವಾಗ ಚಮಚ ಓರೆಯಾಗಿ ಸ್ವಲ್ಪ ಅವರ ಎದೆಯ ಮೇಲೆ ಚೆಲ್ಲಿತು. ಆಗ ಅವರು ಎಲ್ಲೂ ತೊದಲದೆ, ಹಳೆಯ ಕಂಚಿನ ಕಂಠದಲ್ಲಿ ಹೇಳಿದರು:

"ಕಣ್ಣಿದ್ದೂ ಕುರುಡ ನೀನು. ನಿನ್ನ ತಲೆಯೊಳಗೆ ಇರುವುದು ಮಿದುಳಲ್ಲ, ಹೊಟ್ಟು."

ಬಸವಮ್ಮ ಬಟ್ಟಲು ಕೆಳಗಿಟ್ಟು ಅತ್ತುಬಿಟ್ಟರು. ಗಂಡನ ಮಾತು ಮರಳಿತೆಂಬ ಸಂತೋಷಕ್ಕೆ ಬೈಗುಳ ಕಿವಿಗೇ ಬೀಳಲಿಲ್ಲ. ಸಂಜೆಯಾಗುವ ಹೊತ್ತಿಗೆ ತಿಳಿಯಿತು, ಮರಳಿ ಬಂದದ್ದು ಗಂಡನಲ್ಲ, ಪತ್ತೇದಾರ ರುದ್ರಮೂರ್ತಿ ಎಂದು.

ಸಣ್ಣಮಾದಯ್ಯ ತಿ. ನರಸೀಪುರದ ಕಡೆಯ ಹಳ್ಳಿಯವರು. ನಗರದ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತರಾಗಿದ್ದು, ಸಂಜೆ ಹೊತ್ತು ರೇಡಿಯೊ ನಾಟಕಕ್ಕೆ ಹೋಗುತ್ತಿದ್ದರು. ಎಂಥ ಕೊಲೆಯ ಗುಟ್ಟನ್ನೂ ಕುಳಿತಲ್ಲೇ ಬಿಡಿಸುವ, ಎದುರಿಗಿದ್ದವರ ಮಾನ ಕಳೆಯದೆ ಬಾಯಿ ಮುಚ್ಚದ ರುದ್ರಮೂರ್ತಿಗೆ ವರ್ಷಗಟ್ಟಲೆ ದನಿಯಾದವರು ಅವರೇ. ಹಳ್ಳಿ ನಾಲಿಗೆಯನ್ನು ಪುಸ್ತಕದ ಕನ್ನಡಕ್ಕೆ ಬಗ್ಗಿಸಲು ಅವರು ಪಟ್ಟ ಪಾಡು ಬಸವಮ್ಮನಿಗೆ ಗೊತ್ತು. ಸ್ನಾನದ ಮನೆಯಲ್ಲಿ, ಸೈಕಲ್ ಮೇಲೆ, ಊಟದ ತಟ್ಟೆಯ ಮುಂದೆ ಅದೇ ಸಾಲುಗಳನ್ನು ಉರುಹೊಡೆಯುತ್ತಿದ್ದರು. ಹಕಾರ ಜಾರಿದರೆ ಮತ್ತೆ ಮೊದಲಿಂದ. ದೇವರಾಜ ಮೊಹಲ್ಲಾದ ಅಂಗಡಿಯವರು ಅವರನ್ನು ನಿಲ್ಲಿಸಿಕೊಂಡು, ಸ್ವಾಮಿ, ಒಂದು ಸಲ ಬೈಯಿರಿ ಎಂದು ಕೇಳುವರು. ಅವರು ನಾಚಿಕೊಂಡು ತಲೆ ತಗ್ಗಿಸಿ ಬರುವರು.

ಏಕೆಂದರೆ ಆ ಮನುಷ್ಯ ಯಾರನ್ನೂ ಬೈದವರಲ್ಲ. ಕಚೇರಿಯಿಂದ ಬಂದವರೇ ಒಲೆಯ ಮುಂದಿದ್ದ ಹೆಂಡತಿಗೆ, "ಕುಂತ್ಕಮ್ಮಿ ಅತ್ತಗೆ, ನಾನ್ ನೋಡ್ಕತೀನಿ" ಎಂದು ಅವಳನ್ನು ಪಕ್ಕಕ್ಕೆ ಕೂರಿಸಿ ತಾವೇ ಒಲೆ ನೋಡಿಕೊಳ್ಳುತ್ತಿದ್ದರು. ಈಗ ಆ ನಾಲಿಗೆ ಪೂರಾ ಹೋಗಿತ್ತು.

ಮಾತಿನ ಚಿಕಿತ್ಸೆ ಮಾಡುವ ಡಾಕ್ಟರ್ ಗಾರ್ಗಿ ಕಾಗದದ ಮೇಲೆ ತಲೆಯ ಚಿತ್ರ ಬರೆದು ವಿವರಿಸಿದರು. ತಾನಾಗಿ ಮಾತು ಕಟ್ಟುವ ಜಾಗ ಸುಟ್ಟುಹೋಗಿದೆ. ಸಾವಿರ ಸಲ ಹೇಳಿ ಬಾಯಿಪಾಠವಾದದ್ದು ಬೇರೆ ಕಡೆ ಉಳಿದಿದೆ. ಕೆಲವರಿಗೆ ದೇವರನಾಮ ಉಳಿಯುತ್ತದೆ, ಕೆಲವರಿಗೆ ಮಗ್ಗಿ. ಅವರಿಗೆ ಎಲ್ಲ ಅರ್ಥವಾಗುತ್ತಾ ಎಂದು ಬಸವಮ್ಮ ಕೇಳಿದರು. ಎಲ್ಲ ಅರ್ಥವಾಗುತ್ತದೆ, ತಮ್ಮ ಬಾಯಿಂದ ಏನು ಬರುತ್ತಿದೆ ಅನ್ನುವುದೂ, ಎಂದರು ಡಾಕ್ಟರು. ಆಟೋದಲ್ಲಿ ಮನೆಗೆ ಬರುವಾಗ ಬಸವಮ್ಮನಿಗೆ ಅನ್ನಿಸಿದ್ದು, ಅರ್ಥವಾಗದಿದ್ದರೇ ಚೆನ್ನಾಗಿತ್ತು ಎಂದು.

ಮಗಳು ಸಂಘಮಿತ್ರ ಕುವೆಂಪುನಗರದಲ್ಲಿದ್ದಳು, ಶಾಲೆಯಲ್ಲಿ ಟೀಚರು. ಮಳೆಗಾಲದ ಒಂದು ಭಾನುವಾರ ಸ್ಕೂಟರಿನಲ್ಲಿ ಬಂದವಳು ಹೆಲ್ಮೆಟ್ಟನ್ನೂ ತೆಗೆಯದೆ ಅಪ್ಪನ ಮಂಚದ ತುದಿಯಲ್ಲಿ ಕುಳಿತಳು. ಗಂಡನ ಜೊತೆ ಇನ್ನು ಬಾಳಲಾಗದು, ವಕೀಲರನ್ನು ನೋಡಿ ಬಂದೆ ಎಂದಳು. ಚಿಕ್ಕಂದಿನಿಂದ ಏನೇ ಆದರೂ ಅವಳು ಮೊದಲು ಹೇಳುತ್ತಿದ್ದುದು ಅಪ್ಪನಿಗೇ. ಹೇಳುತ್ತ ಹೇಳುತ್ತ ಅಳು ಬಂತು. ಸಣ್ಣಮಾದಯ್ಯ ಎಡಗೈ ಚಾಚಿ ಅವಳ ಮೊಣಕೈ ಹಿಡಿದರು. ತುಟಿ ನಡುಗಿತು. ಬಸವಮ್ಮನಿಗೆ ಮುಂದೇನಾಗುವುದೆಂದು ಹೊಳೆದು, ಬ್ಯಾಡಿ, ಸುಮ್ಕಿರಿ ಅನ್ನುವಷ್ಟರಲ್ಲಿ ದನಿ ಹೊರಟೇಬಿಟ್ಟಿತು.

"ಅಳು ನಿಲ್ಲಿಸು. ಅಪರಾಧಿಗಳ ಕಣ್ಣೀರು ನನಗೆ ಹೊಸದಲ್ಲ."

ಸಂಘಮಿತ್ರ ಕೈ ಬಿಡಿಸಿಕೊಂಡು ಎದ್ದಳು. ಬಾಗಿಲಲ್ಲಿ ತಾಯಿಗೆ, "ಗೊತ್ತು ಕಣವ್ವ, ಅದು ಅಪ್ಪನ ಮಾತಲ್ಲ ಅಂತ ಗೊತ್ತು. ಆದ್ರೂ ಇವತ್ತು ತಡ್ಕೊಳಕ್ಕಾಗ್ತಿಲ್ಲ" ಎಂದು ಹೊರಟುಹೋದಳು. ಒಳಗೆ ಬಂದರೆ ಸಣ್ಣಮಾದಯ್ಯ ಎಡಗೈಯಿಂದ ತಮ್ಮ ಬಾಯಿಗೆ ತಾವೇ ಹೊಡೆದುಕೊಳ್ಳುತ್ತಿದ್ದರು. ಬಸವಮ್ಮ ಆ ಕೈಯನ್ನು ಎರಡೂ ಕೈಯಲ್ಲಿ ಅದುಮಿ ಹಿಡಿಯಬೇಕಾಯಿತು.

ಮಾರನೆಯ ದಿನ ಅವರು ಪಕ್ಕದ ಮನೆಯವರನ್ನು ಗಂಡನ ಹತ್ತಿರ ಕೂರಿಸಿ, ನಾಟಕಗಳನ್ನು ಬರೆದಿದ್ದ ವೆಂಕಟಸುಬ್ಬಯ್ಯನವರ ಮನೆ ಹುಡುಕಿಕೊಂಡು ಹೋದರು. ತುಂಬ ವಯಸ್ಸಾಗಿದ್ದ ಅವರು ಜಗಲಿಯಲ್ಲಿ ಬಿಸಿಲು ಕಾಯಿಸುತ್ತಿದ್ದರು. ಬಸವಮ್ಮ ಕೇಳಿದ್ದು ಒಂದೇ.

"ಅಷ್ಟು ನಾಟ್ಕದಲ್ಲಿ ರುದ್ರಮೂರ್ತಿ ಯಾರಿಗಾದ್ರೂ ಒಂದ್ ಒಳ್ಳೆ ಮಾತು ಆಡಿದ್ನಾ ಸ್ವಾಮಿ? ಒಂದೇ ಒಂದು ಇದ್ರೂ ಸಾಕು."

ಮುದುಕರು ನೆನಪಿಸಿಕೊಂಡು ಹೇಳಿದರು.

"ಒಂದ್ಸಲ ಬರ್ದಿದ್ದೆ ಕಣಮ್ಮ. ಸಹಾಯಕ ಚಿದಂಬರಂಗೆ ಗುಂಡೇಟು ಬಿದ್ದಾಗ, ನನ್ನ ಪಕ್ಕ ಇರಪ್ಪಾ ಅಂತ. ರಿಹರ್ಸಲ್‌ನಲ್ಲಿ ನಿಮ್ಮೆಜಮಾನ್ರೇ ಬೇಡ ಅಂದ್ರು. ರುದ್ರಮೂರ್ತಿ ಅಂಥ ಮಾತು ಆಡಲ್ಲ, ಕೇಳೋರು ನಂಬಲ್ಲ ಅಂತ. ಅವ್ರು ಹೇಳಿದ್ದೇ ಸರಿ ಇತ್ತು. ಹೊಡೆದುಹಾಕ್ದೆ."

ಬಸವಮ್ಮನ ಮುಖ ನೋಡಿದ ವೆಂಕಟಸುಬ್ಬಯ್ಯ ಪೆನ್ನು ತರಿಸಿ, ನಾಲ್ಕು ಸಾಲು ಹೊಸದಾಗಿ ಬರೆದುಕೊಟ್ಟರು. ಮೊದಲು ಚಿದಂಬರನ ಪ್ರಶ್ನೆ, ಆಮೇಲೆ ರುದ್ರಮೂರ್ತಿಯ ಉತ್ತರ. ಎದುರಿನ ಪಾತ್ರದ ಮಾತು ಕೇಳಿದರೆ ಬಾಯಿ ತಾನಾಗಿ ತೆರೆಯಬಹುದು ಎಂದು ಡಾಕ್ಟರೂ ಹೇಳಿದ್ದರು.

ಅಂದಿನಿಂದ ಬಸವಮ್ಮ ಚಿದಂಬರನಾದರು. ಊಟ ಮುಗಿದ ಮೇಲೆ ಮಂಚದ ಪಕ್ಕ ಕುಳಿತು, ಅಕ್ಷರ ಕೂಡಿಸಿ ಓದುವರು: "ಈಗ ನಾನೇನು ಮಾಡಲಿ ಸಾರ್?" ಆಮೇಲೆ ಉತ್ತರವನ್ನೂ ತಾವೇ ಓದಿ ತೋರಿಸುವರು: "ನನ್ನ ಪಕ್ಕ ಕೂತುಕೋ. ನೀನಿಲ್ಲದೆ ನನಗೆ ಆಗದು." ಸಣ್ಣಮಾದಯ್ಯ ಹೆಂಡತಿಯ ತುಟಿಯನ್ನೇ ನೋಡುವರು. ಹಣೆಯ ನರ ಉಬ್ಬುವುದು, ಕತ್ತು ಬೆವರುವುದು. ಬಾಯಿ ತೆರೆದರೆ ಬರುತ್ತಿದ್ದುದು, "ಬಾಯಿ ಮುಚ್ಚಿಕೊಂಡು ಹೊರಗೆ ನಡೆ."

ಮತ್ತೆ ಪ್ರಶ್ನೆ. ಮತ್ತೆ ಅದೇ. ಕೆಲವು ದಿನ "ನನ್ನ" ಎಂಬಷ್ಟು ಸರಿಯಾಗಿ ಬಂದು, ಬಸವಮ್ಮ ಉಸಿರು ಬಿಗಿಹಿಡಿದು ಮುಂದೆ ಬಾಗುವರು. "ನನ್ನ ಹೊತ್ತು ಹಾಳುಮಾಡಬೇಡ" ಎಂದು ಅದು ಮುಗಿಯುವುದು. ಆಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಹೀಗೆ ಮಳೆಗಾಲ ಕಳೆಯಿತು. ಒಂದು ಮಧ್ಯಾಹ್ನ ಬಸವಮ್ಮ ಪ್ರಶ್ನೆ ಓದಿದಾಗ ಸಣ್ಣಮಾದಯ್ಯ ಬಾಯಿ ತೆರೆಯಲಿಲ್ಲ. ತುಟಿಗಳನ್ನು ಒತ್ತಿ ಮುಚ್ಚಿ, ಎಡಗೈಯನ್ನು ಅವುಗಳ ಮೇಲಿಟ್ಟುಕೊಂಡು ತಲೆಯಾಡಿಸಿದರು. ಮರುದಿನವೂ ಅಷ್ಟೇ. ಸಂಘಮಿತ್ರ ಬಂದು, ಅಪ್ಪ, ನನಗೇನೂ ಬೇಜಾರಿಲ್ಲ, ಮಾತಾಡಿ ಎಂದು ಬೇಡಿಕೊಂಡಳು. ಅವಳು ಹೋಗುವ ತನಕ ಅವರು ತುಟಿಯ ಮೇಲಿನ ಕೈ ತೆಗೆಯಲಿಲ್ಲ.

ಹೀಗೆ ಬಿಟ್ಟರೆ ಉಳಿದಿರುವುದೂ ಹೋಗಬಹುದು ಎಂದು ಗಾರ್ಗಿ ಎಚ್ಚರಿಸಿದರು. ಬಸವಮ್ಮ ಮನೆಗೆ ಬಂದು ಮಂಚದ ಪಕ್ಕ ನೆಲದ ಮೇಲೇ ಕುಳಿತರು.

"ಬಯ್ರಿ ನನ್ನ. ಕುರುಡಿ ಅನ್ನಿ, ಹೊಟ್ಟು ಅನ್ನಿ. ಅವ್ನ ಬಾಯಲ್ಲಾದ್ರೂ ಮಾತಾಡ್ರಿ. ಈ ಮನೇಲಿ ನಿಮ್ ದನಿ ಇಲ್ದೆ ಇರಕ್ಕಾಗಲ್ಲ ಕಣ್ರೀ ನನ್ ಕೈಲಿ."

ಸಣ್ಣಮಾದಯ್ಯ ಗೋಡೆಯ ಕಡೆ ಹೊರಳಿಕೊಂಡರು.

ಕಾರ್ತಿಕ ಮಾಸದಲ್ಲಿ ಬಸವಮ್ಮನಿಗೆ ಜ್ವರ ಬಂತು. ಜ್ವರದಲ್ಲೇ ಎದ್ದು ಗಂಜಿ ಕಾಯಿಸಿ ತಂದು, ಮಂಚದ ಹತ್ತಿರ ತಲೆ ತಿರುಗಿ ಕುಸಿದು ಕುಳಿತರು. ಸಣ್ಣಮಾದಯ್ಯ ಗಾಬರಿಯಿಂದ ಎಡಗೈ ಊರಿ ಅರ್ಧ ಎದ್ದರು. ಎಷ್ಟೋ ದಿನದ ಮೇಲೆ ತಾವಾಗಿಯೇ ಬಾಯಿ ತೆರೆದರು. ಬೈಗುಳವೋ ಏನೋ, ಏನು ಬಂದರೂ ಬರಲಿ ಎಂದು ಬಸವಮ್ಮ ಆಸೆಯಿಂದ ತಲೆಯೆತ್ತಿ ಕಾದರು. ದವಡೆ ಆಡಿತು, ಗಂಟಲು ಮೇಲೆ ಕೆಳಗೆ ಹೋಯಿತು. ಬರಿಯ ಉಸಿರು ಬಂತು. ಮತ್ತೊಮ್ಮೆ ಪ್ರಯತ್ನಿಸಿದರು. ಮತ್ತೂ ಒಮ್ಮೆ. ರುದ್ರಮೂರ್ತಿಯೂ ಇರಲಿಲ್ಲ.

ಬಸವಮ್ಮ ಗೋಡೆ ಹಿಡಿದು ಎದ್ದು, ಅವರ ಗಲ್ಲಕ್ಕೆ ಇಳಿದಿದ್ದ ಜೊಲ್ಲನ್ನು ಸೆರಗಿನಿಂದ ಒರೆಸಿ, ಚಮಚಕ್ಕೆ ಕೈ ಹಾಕಿದರು. ಗಂಜಿ ಆರಿ ಕೆನೆಗಟ್ಟಿತ್ತು.