ಐದನೆಯ ಗುಂಡಿ

ಮೇಷ್ಟ್ರು ಐದನೆಯ ಗುಂಡಿ ಒತ್ತಿದರು. ಬಿಳಿ ದೀಪ ಹತ್ತಿತು. "ಸರಿಯಾಗಿದೆ" ಎಂದು ಪೆಟ್ಟಿಗೆಯನ್ನು ಮಗಳತ್ತ ಸರಿಸಿ ಮುಂದಿನದಕ್ಕೆ ಕೈಚಾಚಿದರು.

ಅಂಗೈಗಿಂತ ತುಸು ದೊಡ್ಡದಾದ ಮರದ ಪೆಟ್ಟಿಗೆ ಅದು. ಮೇಲೆ ಸಾಲಾಗಿ ಐದು ಗುಂಡಿ, ಅಷ್ಟೇ. ಗೊಂಬೆಯಿಲ್ಲ, ಚಿತ್ರವಿಲ್ಲ, ಬಣ್ಣವೂ ಇಲ್ಲ. ಒತ್ತಿದರೆ ಗುಂಡಿಯೊಳಗೆ ದೀಪ ಹತ್ತಿ ಒಂದು ಸ್ವರ ಹೊರಡುತ್ತದೆ. ಬೆರಳು ತೆಗೆಯುವ ತನಕ ಎರಡೂ ಇರುತ್ತವೆ. ಇಂಥ ಬೋಳು ಆಟಿಕೆಯನ್ನು ಯಾವ ಮಗು ಮೂಸಿ ನೋಡುತ್ತದೆ ಎಂದು ಆಡಿಕೊಂಡವರೇ ಈಗ ಮೊಮ್ಮಕ್ಕಳಿಗೆ ಬೇಕೆಂದು ಬಂದು ನಿಲ್ಲುತ್ತಿದ್ದರು. ಅದರ ಸ್ವರ ಶುದ್ಧ ಎಂಬ ಮಾತು ಊರೆಲ್ಲ ಹಬ್ಬಿತ್ತು. ಮೇಷ್ಟ್ರು ಕೇಳಿ ತಲೆಯಾಡಿಸದೆ ಒಂದು ಪೆಟ್ಟಿಗೆಯೂ ಮಗಳ ಈ ಚಿಕ್ಕ ಕಾರ್ಖಾನೆಯ ಹೊಸಿಲು ದಾಟುತ್ತಿರಲಿಲ್ಲ.

ಶಾಲೆಯಲ್ಲಿ ಹಾಡು ಕಲಿಸಿ ನಿವೃತ್ತರಾದ ಮೇಲೆ ಮನೆಯಲ್ಲಿ ಹೆಂಡತಿಯ ಕಾಲಿಗೆ ಅಡ್ಡಡ್ಡ ಸಿಗುತ್ತಿದ್ದ ಮನುಷ್ಯನಿಗೆ ಈ ಮೇಜು ಮತ್ತೆ ಜೀವ ಕೊಟ್ಟಿತ್ತು. ಅದಕ್ಕೇ ಒಂದು ಸಂಗತಿಯ ಬಗ್ಗೆ ಅವರು ಬಾಯಿ ಬಿಟ್ಟಿರಲಿಲ್ಲ. ಐದನೆಯದು, ಎಲ್ಲಕ್ಕಿಂತ ಏರಿನಲ್ಲಿರುವ ಆ ಎಳೆ ಸ್ವರ, ಬೇಸಿಗೆಯಿಂದೀಚೆಗೆ ಅವರ ಕಿವಿಗೆ ಬೀಳುತ್ತಿರಲಿಲ್ಲ. ದೀಪ ಹತ್ತಿದ ಮೇಲೆ ಸ್ವರವೂ ಬಂದೇ ಬಂದಿರುತ್ತದೆ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ತಲೆಯಾಡಿಸುತ್ತಿದ್ದರು.

ಮಗಳು ಪೆಟ್ಟಿಗೆಯನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು.

"ಅಪ್ಪಾ, ಐದೂ ಸರಿಯಾಗಿದ್ಯಾ?"

"ಹ್ಞೂಂ ಕಣಮ್ಮಾ. ಕಡೇದಂತೂ ಬಲು ಚೆನ್ನಾಗಿದೆ."

ಅವಳು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಳು. "ಇದು ಹೊಸ ಮಾದರಿ ಅಪ್ಪಾ. ಕಡೇದಕ್ಕೆ ಇನ್ನೂ ಸ್ವರಾನೇ ಹಾಕಿಲ್ಲ. ಯಾವುದು ಹಾಕೋದು ಅಂತ ನಿನ್ನನ್ನೇ ಕೇಳೋಣ ಅಂತಿದ್ದೆ. ಬರೀ ದೀಪ ಹತ್ತುತ್ತೆ."

ಜೀವಮಾನವಿಡೀ ಅಪಸ್ವರ ಹಾಡಿದವರನ್ನು ಎಬ್ಬಿಸಿ ನಿಲ್ಲಿಸಿದ ಮೇಷ್ಟ್ರು ಈಗ ಇಲ್ಲದ ಸ್ವರವನ್ನು ಹೊಗಳಿ ಸಿಕ್ಕಿಬಿದ್ದಿದ್ದರು. ಕನ್ನಡಕ ತೆಗೆದು ಒರೆಸಿದರು, ಒರೆಸುವಂಥದ್ದೇನೂ ಅದರಲ್ಲಿರಲಿಲ್ಲ. ನಾಚಿಕೆಗಿಂತ ಭಯವೇ ಹೆಚ್ಚಾಗಿತ್ತು. ನಾಳೆಯಿಂದ ಈ ಮೇಜು ತಮ್ಮದಲ್ಲ.

"ಯಾವಾಗಿಂದ ಕೇಳಿಸ್ತಿಲ್ಲ?" ಎಂದಳು ಮಗಳು.

"ಬೇಸಿಗೆಯಿಂದ. ಕಡೇದು ಮಾತ್ರ. ಎಷ್ಟು ಮಕ್ಕಳ ಕಿವಿ ಹಿಂಡಿದೀನೋ, ಯಾರೋ ಒಬ್ಬ ಶಾಪ ಹಾಕಿರಬೇಕು."

ಮಗಳು ನಗಲಿಲ್ಲ. "ಹೇಳಬಾರದಿತ್ತಾ?"

"ಹೇಳಿದ್ರೆ ಮನೇಲಿ ಕೂತ್ಕೋ ಅಂತಿದ್ದೆ."

ಅವಳು ಎದ್ದು ಹೋಗಿ, ಕಳಿಸಲು ಕಟ್ಟಿಟ್ಟಿದ್ದ ಪೆಟ್ಟಿಗೆಗಳನ್ನೆಲ್ಲ ತಂದು ಬಿಚ್ಚಿ ಮೇಜಿನ ಮೇಲಿಟ್ಟಳು. ಮೂಲೆಯ ಸ್ಟೂಲನ್ನು ಎಳೆದುಕೊಂಡು ಅಪ್ಪನಿಗೆ ಎದುರಾಗಿ ಕುಳಿತಳು.

"ಮೊದಲಿಂದ ನೋಡೋಣ. ಒತ್ತು."

ಮೇಷ್ಟ್ರು ಒತ್ತಿದರು. ಒಂದು, ಎರಡು. ಮೂರನೆಯದರಲ್ಲಿ ತಡೆದು ಮತ್ತೊಮ್ಮೆ ಒತ್ತಿ, "ಕೂದಲೆಳೆಯಷ್ಟು ಇಳಿದಿದೆ" ಎಂದರು. ಮಗಳು ಅದನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ಮುಂದೆ ಸರಿಸಿದಳು. ಈ ಸಲ ನಾಲ್ಕೂ ಸರಿಯಾಗಿದ್ದವು.

ಐದನೆಯ ಗುಂಡಿ ಒತ್ತಿದರು. ಬಿಳಿ ದೀಪ ಹತ್ತಿತು. ಮೇಷ್ಟ್ರು ಅದರ ಕಡೆ ನೋಡದೆ ಮಗಳ ಮುಖವನ್ನೇ ನೋಡುತ್ತಿದ್ದರು. ಅವಳು ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದಳು. ಅವಳು ತಲೆಯಾಡಿಸುವ ತನಕ ಅವರು ಬೆರಳು ತೆಗೆಯಲಿಲ್ಲ.