ಆರು ಉತ್ತರ, ಮೂರು ಸುಳ್ಳು

ವಿದಿನ್ ಪಟ್ಟಣದ ಹಳೆಯ ಕಟ್ಟಡವೊಂದರ ಐದನೇ ಮಹಡಿಯಲ್ಲಿ ಒಗ್ನ್ಯಾನಾ ಒಬ್ಬಳೇ ಇದ್ದಳು. ಮೂವತ್ತೆಂಟು ವರ್ಷ ಗಣಿತ ಕಲಿಸಿ ನಿವೃತ್ತಳಾದವಳು. ಈಗ ಮಾತಾಡಲು ಯಾರೂ ಇಲ್ಲದೆ ಕೆಲವು ದಿನ ಬೆಳಗಿನಿಂದ ಸಂಜೆಯವರೆಗೆ ಒಂದು ಮಾತೂ ಆಡದೆ ಕಳೆಯುತ್ತಿದ್ದಳು.

ಹಾಗಿರುವಾಗ ಮೂರನೇ ಮಹಡಿಯ ಸ್ತಾಮೆನಾ ಪುಸ್ತಕ ಹಿಡಿದು ಬಂದಳು. ವಯಸ್ಸು ನಲವತ್ತನಾಲ್ಕು, ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ. ನರ್ಸಿಂಗ್ ಸೇರಲು, ಎಂದೋ ಬಿಟ್ಟಿದ್ದ ಹನ್ನೆರಡನೇ ತರಗತಿಯನ್ನು ಮುಗಿಸಬೇಕಿತ್ತು. ಮೇ ತಿಂಗಳಲ್ಲಿ ಗಣಿತದ ಪರೀಕ್ಷೆ.

ಸ್ತಾಮೆನಾ ಚೀಸ್ ತುಂಬಿ ಬೇಯಿಸಿದ ಬಿಸಿ ಬಾನಿತ್ಸಾ ತರುವಳು, ಒಗ್ನ್ಯಾನಾ ಚಹಾ ಮಾಡುವಳು, ಪಾಠ ಶುರುವಾಗುವುದು. ಮಾರ್ಚಿನಲ್ಲಿ ತ್ರಿಕೋನಮಿತಿಯ ಸಮೀಕರಣಗಳು ಬಂದವು: 2cos²x + 3sin x = 3. ಎರಡೂ ಬದಿಯನ್ನು ವರ್ಗ ಮಾಡುವ ಸುತ್ತುದಾರಿಯನ್ನು ಒಗ್ನ್ಯಾನಾ ಹೇಳಿಕೊಟ್ಟಳು. ಹಾಗೆ ಮಾಡಿದರೆ ಆರು ಉತ್ತರ ಬರುತ್ತವೆ. ಒಂದೊಂದನ್ನೂ ಹಾಕಿ ನೋಡಿ ಮೂರು ಸುಳ್ಳನ್ನು ಹೊಡೆದುಹಾಕಬೇಕು. ಒಂದು ಲೆಕ್ಕಕ್ಕೆ ಒಂದು ಸಂಜೆ ಹಿಡಿಯುತ್ತಿತ್ತು.

ಒಂದು ದಿನ ಸ್ತಾಮೆನಾ ಬಂದವಳು ಕೂರಲಿಲ್ಲ.

"ಟೀಚರ್, ಲೈಬ್ರರಿ ಪುಸ್ತಕದಲ್ಲಿ ನಾಲ್ಕೇ ಸಾಲಲ್ಲಿ ಮುಗ್ಸಿದಾರೆ. cos² ಇರೋ ಕಡೆ 1 − sin² ಹಾಕಿದ್ರೆ ಆಯ್ತು, ಬರೀ sin ಉಳಿಯುತ್ತೆ. ಅರ್ಧ, ಇಲ್ಲಾ ಒಂದು. ಮೂವತ್ತು, ನೂರೈವತ್ತು, ತೊಂಬತ್ತು ಡಿಗ್ರಿ. ಸುಳ್ಳು ಉತ್ತರ ಬರೋದೇ ಇಲ್ಲ. ನಿಮಗಿದು ಗೊತ್ತಿರ್ಲಿಲ್ವಾ?"

"ಗೊತ್ತಿತ್ತು."

"ಮತ್ತೆ?"

ಒಗ್ನ್ಯಾನಾ ಲೋಟದ ಕಡೆ ನೋಡುತ್ತ ಹೇಳಿದಳು: "ಬೇಗ ಕಲಿತುಬಿಟ್ರೆ ನೀನು ಬರೋದು ನಿಂತುಹೋಗುತ್ತಲ್ಲ."

"ಬೆಳಗ್ಗೆ ನಾಲ್ಕಕ್ಕೆ ಎದ್ದು ನೂರಿಪ್ಪತ್ತು ಜನಕ್ಕೆ ಸೂಪ್ ಮಾಡಿ ಬರ್ತೀನಿ ನಾನು. ನನ್ನ ತಲೇಲೇ ಏನೂ ಇಲ್ಲ ಅಂತ ಅತ್ತಿದೀನಿ, ಟೀಚರ್."

ಆಮೇಲೆ ಅವಳು ಬರಲಿಲ್ಲ.

ಒಂದು ವಾರ ಕಳೆದ ಮೇಲೆ ಒಗ್ನ್ಯಾನಾ ನಲವತ್ತು ಸಮೀಕರಣಗಳನ್ನು ನೇರದಾರಿಯಲ್ಲೇ ಬಿಡಿಸಿ, ಯಾವ ಸೂತ್ರ ಎಲ್ಲಿ ಬಳಸಿದೆನೆಂದು ಪಕ್ಕದಲ್ಲಿ ಬರೆದು, ಆ ಹಾಳೆಗಳನ್ನು ಸ್ತಾಮೆನಾಳ ಬಾಗಿಲಿನ ಕೆಳಗಿನ ಸಂದಿಯಲ್ಲಿ ತೂರಿಸಿದಳು. ಬೆಲ್ ಒತ್ತುವ ಧೈರ್ಯ ಬರಲಿಲ್ಲ.

ಜೂನ್ ಕೊನೆಯಲ್ಲಿ ಮೆಟ್ಟಿಲ ಮೇಲೆ ಇಬ್ಬರೂ ಎದುರಾದರು.

"ಪಾಸಾದೆ. ನಾಳೆ ಪ್ಲೆವೆನ್‌ಗೆ ಹೊರಟೆ. ನರ್ಸಿಂಗ್ ಕಾಲೇಜು ಆ ಊರಲ್ಲೇ, ಅದು ಶುರುವಾಗೋವರೆಗೂ ಅಲ್ಲೇ ಕೆಲಸ," ಎಂದಳು ಸ್ತಾಮೆನಾ. ಎರಡು ಮೆಟ್ಟಿಲು ಇಳಿದು ತಿರುಗಿ, "ನಿಮ್ಮ ಹಾಳೇಲಿ ಹದಿನೇಳನೇದು ತಪ್ಪು," ಎಂದಳು.

"ಸಾಧ್ಯವೇ ಇಲ್ಲ."

"ಮಾಡಿ ನೋಡಿ."

ಒಗ್ನ್ಯಾನಾ ಮನೆಗೆ ಹೋಗಿ, ತನ್ನ ಬಳಿ ಉಳಿಸಿಕೊಂಡಿದ್ದ ಕರಡು ಪ್ರತಿ ತೆಗೆದು ಮಾಡಿ ನೋಡಿದಳು. ಮೂರನೇ ಸಾಲಿನಲ್ಲಿ ಋಣ ಚಿಹ್ನೆ ಬಿಟ್ಟುಹೋಗಿತ್ತು. ಎರಡು ಮಹಡಿ ಇಳಿದು, ಮೊದಲ ಸಲ ಆ ಬೆಲ್ ಒತ್ತಿದಳು.

"ನೀನು ಹೇಳಿದ್ದೇ ಸರಿ. ಅದೂ ತಪ್ಪು, ನಾನು ನಿನಗೆ ಮಾಡಿದ್ದೂ ತಪ್ಪು."

ಸ್ತಾಮೆನಾ ಒಳಗೆ ತಿರುಗಿ ನೋಡಿದಳು. "ಸಾಮಾನೆಲ್ಲ ಹರಡಿದೀನಿ. ಕೂರೋಕೆ ಜಾಗ ಇಲ್ಲ," ಎಂದಳು.

"ನಿಂತಿರ್ತೀನಿ ಬಿಡು."

ಸ್ತಾಮೆನಾ ಬಾಗಿಲು ಹಾಕಲಿಲ್ಲ. ಅವಳು ಬಟ್ಟೆ ಮಡಚಿ ಪೆಟ್ಟಿಗೆ ತುಂಬಿ ಮುಗಿಸುವವರೆಗೂ ಒಗ್ನ್ಯಾನಾ ಹೊಸ್ತಿಲಲ್ಲೇ ನಿಂತಿದ್ದಳು.